ಗೇಟಿನಲ್ಲಿ ನನ್ನ ತಂಗಿಯ ವಯಸ್ಸು

ಮನುಷ್ಯರಿಗೆ ವರ್ಷ ಕಳೆದಂತೆ ವಯಸ್ಸು ಏರುತ್ತದೆ. ಸಿನಿಮಾಕ್ಕೆ ಇಳಿಯುತ್ತದೆ. ಇದು ನನಗೆ ಗೊತ್ತಾಗಿದ್ದು ಹೋದ ವಾರ, ಮಧುಗಿರಿ ಬಸ್ ಸ್ಟ್ಯಾಂಡಿನ ಗೋಡೆಯ ಮುಂದೆ.

ಪೋಸ್ಟರ್ ಇನ್ನೂ ಹಸಿಯಾಗಿತ್ತು. ಮೈದಾ ಅಂಟು ಕೆಳಕ್ಕೆ ಸೋರುತ್ತಿತ್ತು. ಕೈಯಲ್ಲಿ ಪಿಸ್ತೂಲು, ಕೊರಳಲ್ಲಿ ತಾಳಿ, ಬೆನ್ನ ಹಿಂದೆ ಮಂಜಿನ ಬೆಟ್ಟ. ಅದೇ ಹೆಣ್ಣು, ಅದೇ ಬೇಹುಗಾರಿಕೆ ಸಿನಿಮಾ. (ಹೆಸರು ಬರೆಯುವುದಿಲ್ಲ. ನನ್ನ ಕೈಯಿಂದ ಅದಕ್ಕೆ ಪುಕ್ಕಟೆ ಪ್ರಚಾರ ಬೇಡ.) ಹದಿಮೂರು ವರ್ಷದ ಹಿಂದೆ ನಮ್ಮ ಸಿನಿಮಾ ಟೆಂಟಿಗೆ ಬಂದಾಗ ಪೋಸ್ಟರಿನ ಮೂಲೆಯಲ್ಲಿ ತಟ್ಟೆಯಷ್ಟು ದೊಡ್ಡ 'ಎ' ಇತ್ತು. ವಯಸ್ಕರಿಗೆ ಮಾತ್ರ. ಈಗ ಅದೇ ಜಾಗದಲ್ಲಿ 'ಯು'. ಕೆಳಗೆ ಕೆಂಪಕ್ಷರದಲ್ಲಿ, 'ಸಂಸಾರ ಸಮೇತ ನೋಡಿ ಆನಂದಿಸಿ'.

ಪಕ್ಕದಲ್ಲೇ ನಮ್ಮೂರ ಸ್ಕೂಲಿನ ಮೇಷ್ಟ್ರು ನಿಂತಿದ್ದರು. ಎರಡು ಕೈಯಲ್ಲಿ ಇಬ್ಬರು ಮೊಮ್ಮಕ್ಕಳು. ರಿಟೈರ್ ಆಗಿದ್ದಾರೆ, ಕನ್ನಡಕ ದಪ್ಪವಾಗಿದೆ. ಆಗ ಈ ಸಿನಿಮಾ ಊರೊಳಗೆ ಕಾಲಿಡಬಾರದು ಅಂತ ನಮ್ಮ ಟೆಂಟಿನ ಮುಂದೆ ನಿಂತವರಲ್ಲಿ ಇವರೇ ಮೊದಲಿಗರು.

"ಏನಯ್ಯ ಗೇಟ್‌ಕೀಪರ್, ಈ ಸಲ ನಮ್ ಹುಡುಗ್ರನ್ನ ಒಳಕ್ಕೆ ಬುಡ್ತೀಯೋ ಇಲ್ವೋ?"

"ಗೇಟೆಲ್ಲಿ ಸಾ ಈಗ. ಸ್ಟವ್ ರಿಪೇರಿ ಮಾಡ್ಕಂಡಿವ್ನಿ."

"ಗೊತ್ತು ಕಣಯ್ಯ, ತಮಾಷೆಗಂದೆ. ಸೆನ್ಸಾರಿನೋರು ಎಲ್ಲೋ ಎರಡು ಕಡೆ ಕತ್ತರಿ ಹಾಕಿ ಯು ಕೊಟ್ಟವ್ರಂತೆ. ನಿಜ ಹೇಳ್ಬೇಕು ಅಂದ್ರೆ ಆವಾಗ ನಾವು ಸ್ವಲ್ಪ ಜಾಸ್ತೀನೇ ಕೂಗಾಡ್ಬುಟ್ವಿ."

ಅಷ್ಟು ಹೇಳಿ ಅವರು ಮಕ್ಕಳಿಗೆ ಕಡಲೆಕಾಯಿ ಕೊಡಿಸಲು ಹೊರಟರು. ಸ್ವಲ್ಪ ಜಾಸ್ತಿ. ಅಷ್ಟೇ. ಅವರ ಲೆಕ್ಕ ಅಲ್ಲಿಗೆ ಚುಕ್ತಾ.

ನನ್ನದು?

ಈ ಅಂಕಣ ಓದುವವರಿಗೆ ನಾನು ಟೆಂಟ್ ಸಿನಿಮಾದ ಗೇಟಿನಲ್ಲಿದ್ದವನು ಅಂತ ಗೊತ್ತು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಅಂತಲೂ ಗೊತ್ತು. (ಒತ್ತಕ್ಷರ ಸರಿಯಿದ್ದರೆ ಅದು ಪತ್ರಿಕೆಯವರ ಕೃಪೆ.) ವಾರ ವಾರ ಟೆಂಟಿನ ತಮಾಷೆ ಬರೆಯುತ್ತೇನೆ, ನೀವು ನಗುತ್ತೀರಿ. ಕೆಲವು ತಿಂಗಳ ಹಿಂದೆ ಕಾಲುಂಗುರದ ಕತೆ ಬರೆದಿದ್ದೆ, ನೆನಪಿದೆಯಾ? ಶಿರಾದಿಂದ ಒಬ್ಬರು ಅಂಗಡಿಗೇ ಬಂದು, "ಬಹುತ್ ಖೂಬ್ ಭಾಯಿ, ಹೊಟ್ಟೆ ಹಿಡ್ಕಂಡು ನಕ್ಬುಟ್ಟೆ" ಅಂತ ಬೆನ್ನು ತಟ್ಟಿ ಹೋದರು.

ಆ ಕತೆ ಅರ್ಧ ಮಾತ್ರ ಬರೆದಿದ್ದೆ. ನಗು ಬರುವ ಅರ್ಧ.

ಉಳಿದರ್ಧ ಇವತ್ತು ಬರೆಯುತ್ತೇನೆ. ನಗಬೇಕು ಅಂತ ಓದುವವರು ಇಲ್ಲಿಗೇ ಪುಟ ತಿರುಗಿಸಬಹುದು.

ಆಗ ಬಾಂಗ್ಲಾ ಯುದ್ಧ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಗೂಢಚಾರರ ಸಿನಿಮಾ ಅಂದರೆ ಜನ ಮುಗಿಬೀಳುತ್ತಿದ್ದರು. ಈ ಸಿನಿಮಾದ ವಿಶೇಷ ಏನೆಂದರೆ ಗೂಢಚಾರಿ ಗಂಡಸಲ್ಲ, ಹೆಂಗಸು. ಗಡಿ ಊರಿನಲ್ಲಿ ದೊಡ್ಡ ಮನುಷ್ಯನ ವೇಷದಲ್ಲಿ ಒಬ್ಬ ದೇಶದ್ರೋಹಿ ಇರುತ್ತಾನೆ. ಅವನ ಮನೆ ಸೇರಬೇಕು, ಗುಟ್ಟು ತರಬೇಕು. ಆಕೆ ಹೆಸರು ಬದಲಿಸಿಕೊಂಡು ಹೋಗಿ ಅವನನ್ನು ಮದುವೆಯಾಗುತ್ತಾಳೆ. ಸುಳ್ಳು ಮದುವೆ. ತಾಳಿ ಮಾತ್ರ ನಿಜವಾದದ್ದು.

ಕೊರಟಗೆರೆಯಲ್ಲಿ ಗಲಾಟೆ ಶುರುವಾಗಿದ್ದು ಆ ತಾಳಿಯಿಂದಲೇ.

ನಮ್ಮ ಕಡೆ ಹೆಂಗಸರು ತೆರೆಯ ಮೇಲೆ ತಾಳಿ ಕಟ್ಟುವ ಸೀನ್ ಬಂದರೆ ತಮ್ಮ ತಾಳಿಯನ್ನು ಸೆರಗಿನಿಂದ ತೆಗೆದು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ಮಾಡುವಂತೆಯೇ. ಯಾರೂ ಹೇಳಿಕೊಟ್ಟದ್ದಲ್ಲ, ಕೈ ತಾನಾಗಿ ಹೋಗುತ್ತದೆ. ಅವತ್ತೂ ಗಟ್ಟಿಮೇಳ ಮೊಳಗಿತು, ಹೆಂಗಸರ ಕಡೆ ಸಾಲಿಗೆ ಸಾಲೇ ಕಣ್ಣಿಗೊತ್ತಿಕೊಂಡಿತು. ಮುಂದಿನ ರೀಲಿನಲ್ಲಿ ಆಕೆ ಕನ್ನಡಿಯ ಮುಂದೆ ನಿಂತು ತಾಳಿಯ ಬಟ್ಟಲು ಬಿಚ್ಚಿದಳು. ಒಳಗೆ ಕಡಲೆಕಾಳಿನಷ್ಟು ಕ್ಯಾಮೆರಾ.

ಟೆಂಟಿನೊಳಗೆ ಒಬ್ಬ ಅಜ್ಜಿ ಎದ್ದು ನಿಂತು ಕೇಳಿದಳಂತೆ, "ಲೇ, ನಾನು ಕಣ್ಣಿಗೊತ್ಕಂಡಿದ್ದು ಕ್ಯಾಮೆರಾಕ್ಕೇನ್ಲಾ?"

ಅಲ್ಲಿಂದ ಊರು ಎರಡಾಯಿತು. ದೇಶಕ್ಕಾಗಿ ಮಾಡಿದ್ದು, ಅದರಲ್ಲಿ ತಪ್ಪೇನು ಅನ್ನುವವರು ಒಂದು ಕಡೆ. ತಾಳಿಯನ್ನು ವೇಷ ಮಾಡಿಕೊಂಡವಳು ಯಾವ ದೇಶ ಉಳಿಸುತ್ತಾಳೆ ಅನ್ನುವವರು ಇನ್ನೊಂದು ಕಡೆ. ಶಿರಾದಲ್ಲಿ ಹೌಸ್‌ಫುಲ್. ಕೊರಟಗೆರೆಯಲ್ಲಿ ಕಲ್ಲು. ರೀಲಿನ ಡಬ್ಬ ಮಧುಗಿರಿ ತಲುಪುವ ಹೊತ್ತಿಗೆ ಸಿನಿಮಾ ನೋಡದವರೂ ಅದರ ಬಗ್ಗೆ ತೀರ್ಪು ಕೊಟ್ಟಾಗಿತ್ತು. (ಕೋರ್ಟಿನ ಊರಲ್ಲವಾ ನಮ್ಮದು? ಹೋಟೆಲ್ ಬೆಂಚಿನ ಮೇಲೆಯೂ ಆರ್ಡರ್ ಆಗುತ್ತದೆ.)

ಮೇಷ್ಟ್ರು ಮತ್ತು ನಾಲ್ಕು ಜನ ಹಿರಿಯರು ತಾಲ್ಲೂಕು ಕಚೇರಿಗೆ ಹೋದರು. ಅಲ್ಲಿನ ಸಾಹೇಬರು, "ಸೆನ್ಸಾರ್ ಆಗಿ ಬಂದ ಸಿನಿಮಾ, ನಾನು ನಿಲ್ಲಿಸೋಕಾಗಲ್ಲ" ಅಂದರಂತೆ. "ಆದರೆ ಎ ಸರ್ಟಿಫಿಕೇಟ್ ಇದೆ. ಹದಿನೆಂಟು ತುಂಬದ ಒಂದು ನರಪಿಳ್ಳೆ ಒಳಗೆ ಸಿಕ್ಕರೂ ಟೆಂಟಿನ ಲೈಸೆನ್ಸ್ ಇರಲ್ಲ."

ನಮ್ಮ ಟೆಂಟಿನ ಸಾಹುಕಾರರು ನನ್ನನ್ನು ಕರೆದು ಅದನ್ನೇ ತಿರುಗಿಸಿ ಹೇಳಿದರು. "ಲೇ, ಒಬ್ಬ ಚಿಳ್ಳೆ ಒಳಕ್ಕೋದ್ರೆ ನನ್ ಲೈಸೆನ್ಸ್ ಹೋಗ್ತೈತೆ. ನನ್ ಲೈಸೆನ್ಸ್ ಹೋಗೋ ಮುಂಚೆ ನೀನು ಹೋಗಿರ್ತೀಯ. ತಿಳೀತಾ?"

ತಿಳಿಯಿತು. ಆದರೆ ಹದಿನೆಂಟು ಅಂತ ಕಂಡುಹಿಡಿಯುವುದು ಹೆಂಗೆ?

ಆ ಕಾಲದಲ್ಲಿ ನಮ್ಮ ಕಡೆ ಹುಟ್ಟಿದ ದಿನ ಯಾರಿಗೆ ಗೊತ್ತಿತ್ತು? ಬರಗಾಲದ ವರ್ಷ ಹುಟ್ಟಿದೆ, ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದೆ ಅನ್ನುವವರೇ. ಗಂಡಸರಿಗೆ ಮೀಸೆ ನೋಡಿ ಬಿಟ್ಟೆ. (ಕಾಡಿಗೆ ಮೀಸೆ ಬರೆದುಕೊಂಡು ಬಂದವರ ಮೂತಿಗೆ ಒದ್ದೆ ಬಟ್ಟೆ ಒರೆಸುತ್ತಿದ್ದೆ ಅಂತ ಹಿಂದೆ ಬರೆದಿದ್ದೇನೆ. ಅದು ನಿಜ.)

ಹೆಂಗಸರಿಗೆ? ಮುಖ ನೋಡುವಂತಿಲ್ಲ, ಸೆರಗು ಇರುತ್ತದೆ. ಕೊರಳು ನೋಡಿದರೆ ಒದೆ ಬೀಳುತ್ತದೆ. ಕಾಲು ನೋಡಬಹುದು. ತಲೆ ತಗ್ಗಿಸಿದವನು ಮರ್ಯಾದಸ್ಥ ಅನ್ನಿಸಿಕೊಳ್ಳುತ್ತಾನೆ. ಟೆಂಟಿನ ಸುತ್ತ ನೀರು ಹರಿಯಲು ಕಾಲುವೆ ತೋಡಿದ್ದರು, ಹೆಂಗಸರ ಗೇಟಿಗೆ ಅದರ ಮೇಲೊಂದು ಹಲಗೆ. ದಾಟುವಾಗ ಸೀರೆಯ ಅಂಚನ್ನು ಒಂದಿಷ್ಟು ಎತ್ತಲೇಬೇಕು. ಆ ಕ್ಷಣದಲ್ಲಿ ಕಾಲುಂಗುರ ಕಾಣುತ್ತದೆ. ಉಂಗುರ ಇದ್ದರೆ ಮದುವೆಯಾಗಿದೆ. ಮದುವೆಯಾಗಿದ್ದರೆ ದೊಡ್ಡವಳು. ಒಳಕ್ಕೆ.

ಹಾಗಾಗಿ ಹದಿನಾಲ್ಕರ ಸೊಸೆಯಂದಿರು ಒಳಗೆ ಹೋದರು. ಇಪ್ಪತ್ತಾರು ತುಂಬಿದ, ಮದುವೆಯಾಗದ ಒಬ್ಬ ನರ್ಸಮ್ಮ ಹೊರಗೆ ನಿಂತು ನನಗೆ ಬೈದು ಹೋದರು. ಇಷ್ಟು ನೀವು ಓದಿದ್ದೀರಿ. ನಕ್ಕಿದ್ದೀರಿ. ಸಾಹುಕಾರರೂ ಆಗ ನಕ್ಕು, "ಭಲೇ ಕಣ್ಲಾ, ಓದಿದ್ರೆ ನೀನು ಅಮಲ್ದಾರ ಆಗ್ತಿದ್ದೆ" ಅಂದಿದ್ದರು.

ಆ ಮಾತು ತಲೆಗೇರಿತು. ಮನೆಗೆ ಬಂದು ಊಟಕ್ಕೆ ಕೂತಾಗ ಹೇಳಿಕೊಂಡೆ. "ನಾನು ಮುಖ ನೋಡಲ್ಲ ಕಣೇ, ಕಾಲು ನೋಡ್ತೀನಿ. ಉಂಗುರ ಇದ್ರೆ ಎಳೆಗರುನೂ ಒಳಕ್ಕೆ ಬುಡ್ತೀನಿ."

ಮುದ್ದೆ ಇಕ್ಕುತ್ತಿದ್ದ ನನ್ನ ತಂಗಿ ಯಶೋದ ಕಿಸಕ್ಕನೆ ನಕ್ಕಳು.

ಯಶೋದಾಗೆ ಹದಿನಾರು. ನಮ್ಮ ಮನೆಯಲ್ಲಿ ಕುರಿ ಲೆಕ್ಕ ಬಿಟ್ಟರೆ ಬೇರೆ ಲೆಕ್ಕ ಬರುತ್ತಿದ್ದವಳು ಅವಳೊಬ್ಬಳೇ. ಎಸೆಸೆಲ್ಸಿಯಲ್ಲಿದ್ದಳು. ಪಾಸಾದರೆ ಟೀಚರ್ ಟ್ರೇನಿಂಗಿಗೆ ಕಳಿಸುವುದು ಅಂತ ಅಪ್ಪನೇ ಒಪ್ಪಿದ್ದ. ಅಪ್ಪ ಒಪ್ಪುವುದು ಅಂದರೆ ನಮ್ಮೂರ ಏಕಶಿಲಾ ಬೆಟ್ಟ ಅರ್ಧ ಅಡಿ ಸರಿದಂತೆ. ಅವಳ ಗೆಳತಿ ಗಂಗಾ ನಮ್ಮ ಬೀದಿಯವಳೇ, ಅವಳಿಗಿಂತ ಒಂದು ವರ್ಷ ಚಿಕ್ಕವಳು. ಆ ಬೇಸಿಗೆಯಲ್ಲಿ ಗಂಗಾಳ ಮದುವೆಯಾಗಿ, ಆಷಾಢಕ್ಕೆ ತವರಿಗೆ ಬಂದಿದ್ದಳು. ಕಾಲಲ್ಲಿ ಎರಡು ಜೊತೆ ಉಂಗುರ. ತವರಿನದೊಂದು ಜೊತೆ, ಗಂಡನ ಮನೆಯದೊಂದು ಜೊತೆ.

ಸಿನಿಮಾ ಬಂದು ಮೂರನೇ ದಿನ. ದೀಪ ಹಚ್ಚುವ ಹೊತ್ತು, ಮೊದಲನೇ ಆಟ. ಆಷಾಢದ ಗಾಳಿಗೆ ಟೆಂಟಿನ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಹೆಂಗಸರ ಗೇಟಿನ ಪಕ್ಕದಲ್ಲೇ ಮೇಷ್ಟ್ರು ಮತ್ತು ಅವರ ಕಡೆಯವರು ಕಾವಲಿಗೆ ನಿಂತಿದ್ದರು. ನಾನು ತಲೆ ತಗ್ಗಿಸಿ ಹಲಗೆ ನೋಡುತ್ತಿದ್ದೆ.

ಒಂದು ಜೊತೆ ಕಾಲು ದಾಟಿತು. ಉಂಗುರ ಇದೆ. ಅದರ ಹಿಂದೆ ಇನ್ನೊಂದು ಜೊತೆ. ಉಂಗುರ ಇದೆ. ಆದರೆ ಎಡಗಾಲಿನ ಕಿರುಬೆರಳಿಗೆ ಉಗುರಿಲ್ಲ.

ಆ ಉಗುರು ಹೋದಾಗ ಅವಳನ್ನು ಹೆಗಲ ಮೇಲೆ ಹೊತ್ತು ತಂದವನು ನಾನೇ. ಆ ಕಾಲು ನನಗೆ ಗೊತ್ತಿಲ್ಲವಾ?

ತಲೆ ಎತ್ತಿದೆ. ಅವ್ವನ ಸೀರೆ ಉಟ್ಟು ಸೆರಗು ಮುಂದಕ್ಕೆಳೆದುಕೊಂಡು ಯಶೋದ. ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು. ಅಣ್ಣನ ಗೇಟು, ಅಣ್ಣನೇ ಹೇಳಿದ ರೂಲು. ಹಿಡಿಯುತ್ತಾನೆ ಅಂತ ಅವಳು ಅಂದುಕೊಂಡೇ ಇರಲಿಲ್ಲ. ಅವಳ ಮುಂದೆ ದಾಟಿದ ಗಂಗಾಳ ಕಾಲಲ್ಲಿ ಒಂದೇ ಜೊತೆ ಉಂಗುರ ಉಳಿದಿತ್ತು. ಇನ್ನೊಂದು ಯಾರ ಕಾಲಿಗೆ ಹೋಗಿದೆ ಅಂತ ತಿಳಿಯಲು ಹೆಚ್ಚು ಓದಿರಬೇಕಾಗಿರಲಿಲ್ಲ.

ನಾನು ಏನು ಮಾಡಬಹುದಿತ್ತು? ಒಳಕ್ಕೆ ಬಿಡಬಹುದಿತ್ತು. ಅಥವಾ ಮೆಲ್ಲಗೆ, "ಮನೆಗೋಗೇ" ಅನ್ನಬಹುದಿತ್ತು. ಎರಡೇ ಶಬ್ದ ಸಾಕಿತ್ತು.

ಆದರೆ ಮೇಷ್ಟ್ರು ನೋಡುತ್ತಿದ್ದರು. ಸಾಹುಕಾರರೂ ಟಿಕೆಟ್ ಕೋಣೆಯಿಂದ ಕತ್ತು ಹೊರಗೆ ಹಾಕಿದ್ದರು. ನನ್ನ ಗಂಟಲು ತಾನಾಗಿ ದೊಡ್ಡದಾಯಿತು.

"ಏಯ್ ಯಶೋದಾ, ಯಾವಾಗಾಯ್ತೇ ನಿನ್ ಮದ್ವೆ? ಮನೇಲಿ ನಮಗ್ಯಾರ್ಗೂ ಗೊತ್ತೇ ಇಲ್ವಲ್ಲ?"

ಗಂಡಸರ ಸಾಲಿನಿಂದ ನಗು ಬಂತು. ಯಾರೋ ಶಿಳ್ಳೆ ಹೊಡೆದರು. "ಈವಮ್ಮನೂ ದೇಶದ ಕೆಲ್ಸಕ್ಕೇ ಹೊಂಟವ್ಳೆ ಕಣ್ರಪ್ಪ" ಅಂತ ಇನ್ಯಾರೋ ಅಂದರು. ಮತ್ತೆ ನಗು. ಯಶೋದ ಹಲಗೆಯ ನಡುವೆಯೇ ನಿಂತಿದ್ದಳು. ಹಿಂದಿನವರು ಸರಿಯಲಿಲ್ಲ, ಮುಂದೆ ನಾನು. ಅವಳು ಬಗ್ಗಿ ಉಂಗುರ ತೆಗೆಯಲು ನೋಡಿದಳು. ಬಿಗಿಯಾಗಿತ್ತು, ಬರಲಿಲ್ಲ. ಆಮೇಲೆ ತಿರುಗಿ, ಜನರ ನಡುವೆ ದಾರಿ ಮಾಡಿಕೊಂಡು ಹೋದಳು. ಗಂಗಾ ಆಗಲೇ ಒಳಗೆ ಕತ್ತಲೆಯಲ್ಲಿ ಕೂತಾಗಿತ್ತು.

ಮೇಷ್ಟ್ರು ನನ್ನ ಭುಜದ ಮೇಲೆ ಕೈ ಇಟ್ಟು, "ತಂಗಿ ಅಂತ್ಲೂ ನೋಡ್ಲಿಲ್ವಲ್ಲಯ್ಯ, ಶಭಾಷ್" ಅಂದರು.

ನನಗೆ ಖುಷಿಯಾಯಿತು. ಇದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ನನಗೆ ನಿಜವಾಗಿ ಖುಷಿಯಾಯಿತು.

ಇಲ್ಲಿಗೆ ನಿಂತಿದ್ದರೆ ಇದು ಒಂದು ಕೆಟ್ಟ ತಮಾಷೆ, ಅಷ್ಟೇ. ನಿಲ್ಲಲಿಲ್ಲ.

ಮದುವೆಯಾಗದ ಹುಡುಗಿ ಕಾಲುಂಗುರ ಹಾಕುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಉಂಗುರ ತಾನಾಗಿ ಬರುವುದಿಲ್ಲ, ಯಾರೋ ತೊಡಿಸಿರಬೇಕು. ಅದರಲ್ಲೂ ಸುಳ್ಳು ಮದುವೆಯ ಸಿನಿಮಾ ಊರಿನ ಬಾಯಲ್ಲಿರುವಾಗ. ಮಾರನೇ ದಿನ ಬಾವಿಯ ಹತ್ತಿರ ಕೇಳಿದರು, "ಯಾರು ತೊಡಿಸಿದ್ರಂತೆ?" ಅದರ ಮಾರನೇ ದಿನ ಊರೇ ಒಬ್ಬ ಹುಡುಗನ ಹೆಸರನ್ನೂ ಹುಡುಕಿ ಕೊಟ್ಟಿತು. ಆ ಹುಡುಗನ ಮುಖವನ್ನು ಯಶೋದ ಸರಿಯಾಗಿ ನೋಡಿಯೂ ಇರಲಿಲ್ಲ.

ಅಪ್ಪ ಕೇಳಿದ. ಅವಳು ಇದ್ದದ್ದು ಇದ್ದಂತೆ ಹೇಳಿದಳು, ಉಂಗುರ ಗಂಗಾಳದು ಅಂತ. ಅಪ್ಪ ಅವಳನ್ನು ಕರೆದುಕೊಂಡು ಗಂಗಾಳ ಮನೆಗೆ ಹೋದ. ಗಂಡ ಬದುಕಿರುವಾಗ ಕಾಲುಂಗುರ ತೆಗೆಯುವುದು ಅಪಶಕುನ. ಅತ್ತೆಯ ಕಿವಿಗೆ ಬಿದ್ದರೆ ಗಂಗಾಳ ಗತಿಯೇನು? ಅವಳ ಅವ್ವ ಬಾಗಿಲಲ್ಲೇ ತಡೆದು ಹೇಳಿದಳು, "ನಮ್ ಹುಡುಗಿ ಯಾಕ್ ತೆಗೀತಾಳೆ ಕಣಣ್ಣ? ನಿಮ್ ಮನೆ ಮಾತು ನಿಮ್ ಮನೇಲೇ ಇಕ್ಕಳಿ." ಗಂಗಾ ಒಳಗಿನಿಂದ ಹೊರಗೆ ಬರಲೇ ಇಲ್ಲ.

ಉಳಿದ ಸಾಕ್ಷಿ ನಾನೊಬ್ಬನೇ. ಗಂಗಾಳ ಕಾಲನ್ನೂ ನೋಡಿದವನು, ಯಶೋದಾಳ ಕಾಲನ್ನೂ ನೋಡಿದವನು.

ಅಪ್ಪ ಜಗಲಿಯ ಮೇಲೆ ಕೂತು ಕೇಳಿದ, "ನೀನು ಗೇಟಾಗಿದ್ದೋನು. ನಿಂಗೇನಾರ ಗೊತ್ತೇನ್ಲಾ?"

ಯಶೋದ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. "ಅಣ್ಣಯ್ಯ, ನೀನೇ ಅಲ್ವಾ ಹೇಳಿದ್ದು, ಉಂಗುರ ಇದ್ರೆ ಬುಡ್ತೀನಿ ಅಂತ? ಅದಕ್ಕೇ ಇಸ್ಕಂಡೆ ಅಂತ ಹೇಳಣ್ಣಯ್ಯ."

ಹೇಳಿದರೆ ಏನಾಗುತ್ತಿತ್ತು? ಗೇಟಿನ ರೂಲು ಗೇಟ್‌ಕೀಪರನ ಮನೆಯಿಂದಲೇ ಹೊರಬಿದ್ದಿದೆ ಅಂತ ಸಾಹುಕಾರರಿಗೆ ತಿಳಿಯುತ್ತಿತ್ತು. ಇನ್ನೆಷ್ಟು ಹುಡುಗಿಯರು ಹೀಗೆ ಒಳಗೆ ಹೋಗಿದ್ದಾರೋ ಅಂತ ಮೇಷ್ಟ್ರು ಕಚೇರಿಗೆ ಓಡುತ್ತಿದ್ದರು. ನನ್ನ ಕೆಲಸ ಹೋಗುತ್ತಿತ್ತು. ಮೇಷ್ಟ್ರ ಶಭಾಷ್ ಹೋಗುತ್ತಿತ್ತು.

"ನಂಗೇನೂ ಗೊತ್ತಿಲ್ಲ" ಅಂದೆ.

ಯಶೋದ ಅಳಲಿಲ್ಲ. ಒಳಗೆ ಹೋದಳು.

ಮಾರನೇ ದಿನದಿಂದ ಸ್ಕೂಲು ನಿಂತಿತು. ಆಷಾಢ ಮುಗಿಯುವುದನ್ನೇ ಕಾಯುತ್ತಿದ್ದ ಅಪ್ಪ ಶ್ರಾವಣದಲ್ಲಿ ಮದುವೆ ಮಾಡಿ ಕೈತೊಳೆದುಕೊಂಡ. ಹುಡುಗ ಅನ್ನುವಂತಿಲ್ಲ. ಪಾವಗಡ ತಾಲ್ಲೂಕಿನ ಆ ಕೊನೆ, ಕ್ಯಾತಗಾನಚೆರ್ಲು ಕಡೆಯವನು, ಹೆಸರು ಹನುಮಂತರಾಯಪ್ಪ. ಮೊದಲ ಹೆಂಡತಿ ಸತ್ತಿದ್ದಳು. ನನಗಿಂತ ದೊಡ್ಡವನು. ಊರಿನ ಮಾತು ಅಲ್ಲಿಯ ತನಕ ಹೋಗಿರಲ್ಲ ಅಂತ ನಮ್ಮವರು ಅಂದುಕೊಂಡಿದ್ದರು. ಮಾತಿಗೆ ಬಸ್ ಬೇಕಾ?

ವಕೀಲರೊಬ್ಬರು ನನಗೆ ಆಮೇಲೆ ಹೇಳಿದರು. ಆಗಿನ ಕಾನೂನಿನಲ್ಲಿ ಹೆಣ್ಣಿಗೆ ಮದುವೆಗೆ ಹದಿನೈದು ಸಾಕಿತ್ತಂತೆ, ಸಿನಿಮಾಕ್ಕೆ ಹದಿನೆಂಟು ಬೇಕಿತ್ತಂತೆ. ಅಂದರೆ ತೆರೆಯ ಮೇಲೆ ಸುಳ್ಳು ಮದುವೆ ನೋಡಲು ನನ್ನ ತಂಗಿಗೆ ವಯಸ್ಸಾಗಿರಲಿಲ್ಲ. ನಿಜವಾದ ಮದುವೆಗೆ ಆಗಿತ್ತು.

ಗಂಗಾ ಮುಂದಿನ ವರ್ಷ ಮೊದಲ ಹೆರಿಗೆಯಲ್ಲಿ ತೀರಿಕೊಂಡಳು. ಅವಳನ್ನು ದೊಡ್ಡವಳು ಅಂತ ಒಳಗೆ ಬಿಟ್ಟವನೂ ನಾನೇ.

ಪ್ರತಿ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ತಂಗಿಯ ಮನೆಗೆ ಹೋಗುತ್ತೇನೆ. ಮೊದಲ ವರ್ಷವೇ ಕೇಳಿಸಿತು. ಹನುಮಂತರಾಯಪ್ಪ ಹಗಲೆಲ್ಲ ಒಳ್ಳೆಯವನು. ಹೊಲದಲ್ಲಿ ಅವಳ ಜೊತೆ ಸಮಸಮ ದುಡಿಯುತ್ತಾನೆ. ಕುಡಿದ ದಿನ ಮಾತ್ರ ಅಂಗಳದಲ್ಲಿ ಕೂತು ತನ್ನ ತೆಲುಗಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಾನೆ. "ಎವರಿ ಉಂಗರಮೇ ಅದಿ?" ಯಾರ ಉಂಗುರವೇ ಅದು? ಅವಳು, "ಗಂಗಾಂದು" ಅನ್ನುತ್ತಾಳೆ. ಅವನು ಮತ್ತೆ ಕೇಳುತ್ತಾನೆ. ಹೊಡೆಯುವುದಿಲ್ಲ, ಕೂಗುವುದಿಲ್ಲ. ಕೇಳುತ್ತಾನೆ. ಅವಳು ಉತ್ತರ ಕೊಟ್ಟು ಕೊಟ್ಟು ಸುಮ್ಮನಾಗುವ ತನಕ.

ಅವತ್ತು ನಾನು ಒಳಗೆ ಊಟಕ್ಕೆ ಕೂತಿದ್ದೆ. ಎದ್ದು ಹೊರಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅನ್ನ ಕಲಸಿಕೊಂಡು ತಿಂದೆ.

ಆಮೇಲೆ ಪ್ರತಿ ವರ್ಷವೂ ತಿಂದೆ.

ಪೋಸ್ಟರ್ ನೋಡಿದ ಮೇಲೆ, ಮೇಷ್ಟ್ರ ಮಾತು ಕೇಳಿದ ಮೇಲೆ, ಅಂಗಡಿಯ ಬಾಗಿಲು ಎಳೆದು ಪಾವಗಡದ ಬಸ್ಸು ಹತ್ತಿದೆ. ಹಬ್ಬ ಅಲ್ಲ, ಬಾಗಿನ ಇಲ್ಲ. ಬರಿಗೈ.

ಅಂಗಳದಲ್ಲಿ ಕಡಲೆಕಾಯಿ ಒಣಗುತ್ತಿತ್ತು. ಯಶೋದ ಕೂತು ಕಡ್ಡಿ ಆರಿಸುತ್ತಿದ್ದಳು. ಇಪ್ಪತ್ತೊಂಬತ್ತಕ್ಕೇ ಕೂದಲು ಬೆಳ್ಳಗಾಗಿದೆ. ನನ್ನನ್ನು ನೋಡಿ, "ಯಾಕಣ್ಣಯ್ಯ, ಯಾರಿಗೇನಾಯ್ತು?" ಅಂದಳು. ಹಬ್ಬವಿಲ್ಲದ ದಿನ ಅಣ್ಣ ಬಂದರೆ ಸಾವಿನ ಸುದ್ದಿ ಅಂತಲೇ ಅವಳ ಲೆಕ್ಕ.

ಹನುಮಂತರಾಯಪ್ಪ ಗೋಡೆಗೆ ಒರಗಿ ಹಗ್ಗ ಹೊಸೆಯುತ್ತಿದ್ದ. ಕುಡಿದಿರಲಿಲ್ಲ. "ಏಮಪ್ಪ ಬಾಮರ್ದಿ, ಬಾ ಕೂಕ" ಅಂದ. (ಬಾಮರ್ದಿ ಅಂದರೆ ಬಾವಮೈದ.)

ಕೂರಲಿಲ್ಲ. ನಿಂತೇ ಹೇಳಿದೆ. ಊಟಕ್ಕೆ ಕೂತಾಗ ನಾನು ಕೊಚ್ಚಿಕೊಂಡದ್ದು, ಗಂಗಾಳ ಎರಡು ಜೊತೆ ಉಂಗುರ, ಹಲಗೆಯ ಮೇಲೆ ನಾನು ನೋಡಿದ್ದು, ಅಪ್ಪ ಕೇಳಿದಾಗ ಗೊತ್ತಿಲ್ಲ ಅಂದದ್ದು. ಎಲ್ಲಾ. ಯಶೋದ ಕಡ್ಡಿ ಆರಿಸುವುದನ್ನು ನಿಲ್ಲಿಸಲಿಲ್ಲ. ಕೈ ಮಾತ್ರ ನಿಧಾನವಾಯಿತು.

ಅವನು ಹಗ್ಗ ಕೆಳಗಿಟ್ಟ.

"ಇನ್ನಾಳ್ಳು ಯಾಕ್ ಹೇಳ್ಲಿಲ್ಲ? ಇಷ್ಟ್ ವರ್ಷ?"

"ಕೆಲ್ಸ ಹೋಗ್ತಿತ್ತು ಭಾವ."

"ಈಗ ಹೋಗಲ್ವಾ?"

"ಈಗ ಟೆಂಟೇ ಇಲ್ವಲ್ಲ. ಸಾಹುಕಾರ್ರೂ ತೀರ್ಕಂಡ್ರು."

"ಆ ಗಂಗಮ್ಮ?"

"ಅವ್ಳೂ ಇಲ್ಲ."

ಅವನು ಹಗ್ಗ ಮತ್ತೆ ಕೈಗೆತ್ತಿಕೊಂಡ. ಸಿಟ್ಟಿರಲಿಲ್ಲ. ಬೇಸಾಯದ ಮಾತು ಆಡಿದಷ್ಟೇ ಮೆಲ್ಲಗೆ ಹೇಳಿದ. "ಚೂಡು ಬಾಮರ್ದಿ. ನಷ್ಟ ಇರೋವಾಗ ನೀನು ಗೊತ್ತಿಲ್ಲ ಅಂದಿ. ಈಗ ನಷ್ಟ ಏನಿಲ್ಲ, ಗೊತ್ತು ಅಂತಿದಿ. ಕೇಳಾಣ ಅಂದ್ರೆ ಮಿಕ್ಕೋರು ಯಾರೂ ಉಳಿದಿಲ್ಲ. ಅಣ್ಣ ಆದೋನು ತಂಗಿ ಮೇಲಿನ ಆಸೆಗೆ ಒಂದ್ ಮಾತು ಕಟ್ಟಿ ಹೇಳ್ತಾನೆ, ಅದು ತಪ್ಪಲ್ಲ. ನಾನು ನಂಬೋದು ಹೆಂಗೆ?"

ಇದಕ್ಕೆ ನಿಮ್ಮಲ್ಲಿ ಯಾರ ಹತ್ತಿರವಾದರೂ ಉತ್ತರ ಇದೆಯಾ?

ನಾನು ಇಷ್ಟು ವರ್ಷ ಒಂದು ಭ್ರಮೆಯಲ್ಲಿದ್ದೆ. ನಿಜ ಅನ್ನುವುದು ನನ್ನ ಜೇಬಿನಲ್ಲಿ ಭದ್ರವಾಗಿದೆ, ಯಾವತ್ತು ಬೇಕಾದರೂ ತೆಗೆದುಕೊಡಬಹುದು ಅಂತ. ಹಾಗಿಲ್ಲ. ಅವತ್ತು ಜಗಲಿಯ ಮೇಲೆ ಹೇಳಿದ್ದರೆ ಅದು ಸಾಕ್ಷಿ. ಇವತ್ತು ಅಂಗಳದಲ್ಲಿ ಹೇಳಿದರೆ ಕತೆ. ಅದೇ ಮಾತು, ಒಂದಕ್ಷರ ಬದಲಿಲ್ಲ.

ಸೆನ್ಸಾರಿನವರಿಗೇನು, ಸರ್ಟಿಫಿಕೇಟ್ ಬದಲಿಸಬಹುದು. ಮೇಷ್ಟ್ರು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಕೂರಬಹುದು. ಹದಿನಾರನೇ ವಯಸ್ಸಿನಲ್ಲಿ ಹಲಗೆಯ ಮೇಲೆ ನಿಂತವಳಿಗೆ ಯಾರು ಯು ಕೊಡುತ್ತಾರೆ?

ಊಟ ಮಾಡಿಕೊಂಡು ಹೋಗು ಅಂತ ಅವನೇ ಹೇಳಿದ. ಬೇಡ ಅಂದೆ. ಬಸ್ಸು ನಿಲ್ಲುವ ಜಾಗದ ತನಕ ಯಶೋದ ಜೊತೆಗೆ ಬಂದಳು. ಬಿಸಿಲು. ದಾರಿಯುದ್ದಕ್ಕೂ ಮರವೇ ಇಲ್ಲ. ಅವಳು ಬೈಯಲಿ ಅಂತ ಕಾದೆ. ಬೈದರೆ ನನಗೆ ಹಗುರಾಗುತ್ತಿತ್ತು. (ಆ ಆಸೆಯೂ ಸ್ವಾರ್ಥವೇ ಅಂತ ಈಗ ಅನ್ನಿಸುತ್ತದೆ.)

ಬೈಯಲಿಲ್ಲ. ಬಸ್ಸಿನ ಧೂಳು ದೂರದಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಕೇಳಿದಳು.

"ಅಣ್ಣಯ್ಯ, ಆ ಸಿನಿಮಾದಾಗೆ ಏನಿತ್ತು?"

ಅವಳು ನೋಡಿಯೇ ಇಲ್ಲವಲ್ಲ. ಅವತ್ತೂ ನೋಡಲಿಲ್ಲ, ಆಮೇಲೆ ಯಾವ ಸಿನಿಮಾವನ್ನೂ ನೋಡಲಿಲ್ಲ. ಇಷ್ಟು ವರ್ಷದಲ್ಲಿ ಆ ಕತೆ ಏನು ಅಂತ ಅವಳಿಗೆ ಹೇಳಿದವರೂ ಇಲ್ಲ.

ಹೇಳಿದೆ. ಗಡಿ ಊರು, ವೇಷ, ಮದುವೆ, ಕ್ಯಾಮೆರಾ. ಕೊನೆಗೆ ಕುದುರೆ ಓಟ, ಎರಡು ಗುಂಡು, ಅವನು ಸಾಯುತ್ತಾನೆ, ಇವಳಿಗೆ ಪದಕ ಹಾಕುತ್ತಾರೆ, ಬಾವುಟ ಹಾರುತ್ತದೆ, ಶುಭಂ. ನಡುವೆ ಮೂರು ಹಾಡು. ಬಸ್ಸು ಬಂದು ನಿಲ್ಲುವುದರೊಳಗೆ ಇಡೀ ಸಿನಿಮಾ ಮುಗಿಯಿತು. ಇನ್ನೇನಾದರೂ ಇತ್ತಾ ಅಂತ ನೆನಪು ಮಾಡಿಕೊಂಡೆ. ಇರಲಿಲ್ಲ.

ಯಶೋದ ಕೇಳಿದಳು.

"ಇಷ್ಟಕ್ಕಾ?"